ಸುಬಾಬುಲ್ ಮೇವಿನ ಮರವನ್ನು ಅಂಗಾಂಶ ಕೃಷಿಯಿಂದ ವೃದ್ಧಿಪಡಿಸುವ ಕ್ರಮ

ಸಂಕ್ರಾಂತಿ ಕಳೆದ ಮೇಲೆ ಮುಂಗಾರು ಹಿಡಿಯುವವರೆಗೆ ಬಯಲುಸೀಮೆಯ ದನಕರುಗಳಿಗೆ ಹಸುರು ಮೇವು ದೊರೆಯುವುದು ದುರ್ಲಭವೆಂಬುದು ಸರ್ವರಿಗೂ ತಿಳಿದ ಸಂಗತಿ. ಆ ಕಾಲದಲ್ಲಿ ರಾಸುಗಳಿಗೆ ಹಾಕುವ ರಾಗಿಹುಲ್ಲು, ಜೋಳದ ದಂಟು, ಭತ್ತದ ಹುಲ್ಲು ಇವು ಹೊಟ್ಟೆಯನ್ನು ತುಂಬಿಸುವುವೇ ಹೊರತು ಮೈಗೆ ಬೇಕಾದ ಪೌಷ್ಟಿಕಾಂಶವನ್ನು ಒದಗಿಸಲಾರವು. ಹಿಂಡಿ ಬೂಸಾಗಳನ್ನು ಯಥೇಚ್ಛವಾಗಿ ಕೊಂಡು ಹಾಕುವ ಶಕ್ತಿಯು ಎಲ್ಲ ಒಕ್ಕಲುಗಳಿಗೂ ಇರುವುದಿಲ್ಲ. ಆದಕಾರಣ ಬೇಸಗೆಯಲ್ಲಿಯೂ ಚಿಗುರುವ ಮೇವಿನ ಮರಗಳನ್ನು ಬದುಗಳ ಮೇಲೆ ಬೆಳೆಸಿಕೊಳ್ಳುವುದು ಬುದ್ಧಿವಂತ ಬೇಸಾಯಗಾರನ ಲಕ್ಷಣವಾಗಿದೆ. ಇಂತಹ ಮರಗಳಲ್ಲಿ ಸುಬಾಬುಲ್ ಮುಖ್ಯವಾದುದು. ಇದನ್ನು ಬೀಜದಿಂದ ಬೆಳೆಸುವ ಕ್ರಮವು ಅನೇಕರಿಗೆ ತಿಳಿದಿದೆ. ಅಂಗಾಂಶ ಕೃಷಿಯಿಂದ ಬೆಳೆಸುವ ಕ್ರಮವು ಯಾವುದು, ಅದರಿಂದ ಯಾರಿಗೆ ಪ್ರಯೋಜನ, ಯಾರಿಗೆ ವೃಥಾ ವೆಚ್ಚ ಎಂಬುದನ್ನು ಗ್ರಾಮದ ಯಜಮಾನರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಮರದ ಪರಿಚಯ

ಸುಬಾಬುಲ್ ಮರದ ಶಾಸ್ತ್ರೀಯ ನಾಮವು ಲ್ಯೂಸೀನಾ ಲ್ಯೂಕೊಸೆಫಾಲಾ ಎಂಬುದಾಗಿದೆ. ಇದು ಜಾಲಿ, ಬನ್ನಿ, ಹುಣಿಸೆ ಇವುಗಳಂತೆ ದ್ವಿದಳ ವರ್ಗಕ್ಕೆ ಸೇರಿದುದು. ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಸ್ಪೇನ್ ದೇಶದವರ ಹಡಗುಗಳ ಮೂಲಕ ಫಿಲಿಪ್ಪೀನ್ಸ್ ದ್ವೀಪಗಳನ್ನು ಸೇರಿ, ಅಲ್ಲಿ ಇಪಿಲ್-ಇಪಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಭಾರತದಲ್ಲಿ ಮೇವಿಗಾಗಿ ಇದನ್ನು ಪ್ರಚಾರಕ್ಕೆ ತಂದವರಲ್ಲಿ ಪುಣೆಯ ಸಮೀಪದ ಉರುಳಿಕಾಂಚನದಲ್ಲಿ 1967ರಲ್ಲಿ ಮಣಿಭಾಯಿ ದೇಸಾಯಿಯವರು ಸ್ಥಾಪಿಸಿದ ಬೈಫ್ ಸಂಸ್ಥೆಯು ಮುಖ್ಯವಾದುದು.

ಈ ಮರದ ಎಲೆಯಲ್ಲಿ ಒಣತೂಕದ ಮೇಲೆ ಶೇಕಡ 20ರಿಂದ 25ರಷ್ಟು ಪ್ರೋಟೀನ್ ಇರುತ್ತದೆ. ಬೇರು ಆಳಕ್ಕಿಳಿಯುವುದರಿಂದ ಮೇಲ್ಮಣ್ಣು ಒಣಗಿದ ಮೇಲೆಯೂ ಮರವು ಚಿಗುರನ್ನು ಕೊಡುವುದು. ಎಷ್ಟು ಸಲ ಕೊಯ್ದರೂ ಬುಡದಿಂದ ಮರಳಿ ಕವಲೊಡೆಯುವುದು. ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮರಕ್ಕೆ ಒದಗಿಸುವುವು. ನೀರು ನಿಲ್ಲುವ ಭೂಮಿಯೂ ಹುಳಿಮಣ್ಣೂ ಈ ಮರಕ್ಕೆ ಒಗ್ಗುವುದಿಲ್ಲ. ಆದುದರಿಂದ ಮಲೆನಾಡಿನ ಹುಳಿಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿ ಇದು ಸೊರಗುವುದು. ಬಯಲುಸೀಮೆಯ ನೀರು ಬಸಿಯುವ ಕೆಂಪು ಹಾಗೂ ಕಪ್ಪು ಭೂಮಿಗಳಲ್ಲಿ ಚೆನ್ನಾಗಿ ಬರುವುದು.

ಬೀಜವಿರುವಾಗ ಬೇರೆ ಮಾರ್ಗವೇಕೆ?

ಸುಬಾಬುಲ್ ಮರವು ಹೇರಳವಾಗಿ ಬೀಜವನ್ನು ಕೊಡುವುದು. ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 20,000 ಬೀಜಗಳು ತೂಗುವುವು. ಬೀಜದ ಸಿಪ್ಪೆಯು ಗಟ್ಟಿಯಾಗಿರುವುದರಿಂದ, 80 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ಬಳಿಕ ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು ಬಿತ್ತಿದರೆ ಸುಲಭವಾಗಿ ಮೊಳೆಯುವುದು. ಅಲ್ಲದೆ ಈ ಜಾತಿಯ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟುವ ಸ್ವಭಾವದ್ದು. ಆದಕಾರಣ ಬೀಜದಿಂದ ಹುಟ್ಟಿದ ಗಿಡವು ತಾಯಿಮರವನ್ನು ಬಹುಮಟ್ಟಿಗೆ ಹೋಲುವುದು. ಕೆ-8 ಮೊದಲಾದ ಸಾಧಾರಣ ತಳಿಗಳನ್ನು ಬೆಳೆಯಬೇಕೆನ್ನುವವರು ಅಂಗಾಂಶ ಕೃಷಿಯ ಸಸಿಗಳಿಗೆ ಹಣವನ್ನು ತೆರಬೇಕಾದ ಪ್ರಮೇಯವಿಲ್ಲ. ಅಂತಹವರಿಗೆ ಬೀಜವೇ ಮಿತವ್ಯಯದ ಮಾರ್ಗ.

ಹಾಗಾದರೆ ಅಂಗಾಂಶ ಕೃಷಿಯ ಉಪಯೋಗವಾದರೂ ಎಲ್ಲಿ? ಎರಡು ಸಂದರ್ಭಗಳಲ್ಲಿ ಅದರ ಅಗತ್ಯವು ಕಂಡುಬರುತ್ತದೆ.

ಮೊದಲನೆಯದು ಕೀಟಬಾಧೆಗೆ ಸಂಬಂಧಿಸಿದುದು. ಸಿಲ್ಲಿಡ್ ಎಂಬ, ಹೇನಿನಷ್ಟು ಸಣ್ಣದಾದ ಜಿಗಿಯುವ ಕೀಟವು ಸುಬಾಬುಲ್ ಚಿಗುರಿನ ರಸವನ್ನು ಹೀರಿ ಅದನ್ನು ಒಣಗಿಸುವುದು. ಈ ಕೀಟವು 1984ರಲ್ಲಿ ಹವಾಯಿ ದ್ವೀಪಗಳಲ್ಲಿ ಕಾಣಿಸಿಕೊಂಡು, ಶಾಂತಸಾಗರದ ದ್ವೀಪಗಳನ್ನೂ ಆಗ್ನೇಯ ಏಷ್ಯವನ್ನೂ ದಾಟಿ, 1988ರಲ್ಲಿ ಭಾರತವನ್ನು ಮುಟ್ಟಿತು. ಲ್ಯೂಸೀನಾ ಪಲ್ಲಿಡಾ ಎಂಬ ಸೋದರ ಜಾತಿಗೆ ಈ ಕೀಟವನ್ನು ತಡೆಯುವ ಶಕ್ತಿಯಿದೆ. ಸುಬಾಬುಲ್ ಮರವನ್ನು ಅದರೊಡನೆ ಸಂಕರ ಮಾಡಿ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಬ್ರೂಬೇಕರ್ ಎಂಬ ತಳಿವಿಜ್ಞಾನಿಯು ಕೆಎಕ್ಸ್-2 ಎಂಬ ಮಿಶ್ರತಳಿಯನ್ನು ಪಡೆದರು. ಮಿಶ್ರತಳಿಯ ಬೀಜವನ್ನು ಬಿತ್ತಿದರೆ ಹುಟ್ಟುವ ಗಿಡಗಳು ಒಂದು ಅಜ್ಜನನ್ನೂ ಮತ್ತೊಂದು ಅಜ್ಜಿಯನ್ನೂ ಹೋತು ನಾನಾ ವಿಧವಾಗಿ ಒಡೆಯುವುವು. ಇಂತಹ ನೂರು ಗಿಡಗಳಲ್ಲಿ ಅತ್ಯುತ್ತಮವಾದ ಒಂದು ಮರವನ್ನು ಆರಿಸಿ, ಅದರ ಗುಣವು ಕೊಂಚವೂ ಚದುರದಂತೆ ಸಾವಿರ ಗಿಡಗಳಾಗಿ ಮಾಡಬೇಕೆಂದರೆ ಬೀಜವನ್ನು ನಂಬುವಂತಿಲ್ಲ.

ಎರಡನೆಯದು ಬೀಜವೇ ಆಗದ ಮರಗಳಿಗೆ ಸಂಬಂಧಿಸಿದುದು. ಸುಬಾಬುಲ್ ಮರದ ಜೀವಕಣದಲ್ಲಿ 104 ವರ್ಣತಂತುಗಳಿವೆ. ಲ್ಯೂಸೀನಾ ಎಸ್ಕುಲೆಂಟಾ ಎಂಬ ಮತ್ತೊಂದು ಜಾತಿಯಲ್ಲಿ 52 ಮಾತ್ರ. ಇವೆರಡರ ಸಂಕರದಿಂದ ಹುಟ್ಟುವ ಕೆಎಕ್ಸ್-4 ಎಂಬ ಮಿಶ್ರತಳಿಗೆ ಒಂದು ಕಡೆಯಿಂದ 52, ಮತ್ತೊಂದು ಕಡೆಯಿಂದ 26, ಹೀಗೆ ಒಟ್ಟು 78 ವರ್ಣತಂತುಗಳು ಬರುವುವು. ಇವು ಜೋಡಿಗೂಡಲಾರದ್ದರಿಂದ ಮರವು ಹೂಬಿಟ್ಟರೂ ಬೀಜವನ್ನು ಕಟ್ಟಲಾರದು. ಕುದುರೆ ಕತ್ತೆಗಳ ಸಂಕರದಿಂದ ಹುಟ್ಟಿದ ಹೇಸರಗತ್ತೆಗೆ ಮರಿಯಾಗದಿರುವುದೂ, ತೋಟದ ಪಚ್ಚಬಾಳೆಯಲ್ಲಿ ಬೀಜವಿಲ್ಲದಿರುವುದೂ ಇಂತಹ ಕಾರಣದಿಂದಲೇ. ಬೀಜವಿಲ್ಲದ ಈ ಮರವನ್ನು ಕಡ್ಡಿ, ಕಸಿ ಅಥವಾ ಅಂಗಾಂಶ ಕೃಷಿ ಇವುಗಳಿಂದಲ್ಲದೆ ಹೆಚ್ಚಿಸುವುದಕ್ಕಾಗುವುದಿಲ್ಲ. ಸುಬಾಬುಲ್ ಕಡ್ಡಿಯು ಗ್ಲಿರಿಸೀಡಿಯ ಕಡ್ಡಿಯಂತೆ ನೆಟ್ಟಲ್ಲಿ ಸುಲಭವಾಗಿ ಬೇರುಬಿಡುವುದಿಲ್ಲ. ನೀರನ್ನು ಮಂಜಿನಂತೆ ಸದಾ ಹನಿಸುವ ಏರ್ಪಾಡಿನಲ್ಲಿ ಮಿಶ್ರತಳಿಗಳ ಎಳೆಯ ಕಡ್ಡಿಗಳು ಬೇರೂರುವುವಾದರೂ, ಒಂದು ಮರದಿಂದ ದೊರೆಯುವ ಕಡ್ಡಿಗಳಿಗೆ ಮಿತಿಯಿದೆ.

ಬೀಜವಿಲ್ಲದ ಮರವು ಏಕೆ ಬೇಕೆಂಬುದಕ್ಕೆ ಉತ್ತರವು ಗೋಮಾಳಗಳಲ್ಲಿದೆ. ಬಳ್ಳಾರಿ ಜಾಲಿಯು ಕೆರೆಯಂಗಳಗಳನ್ನೂ ಗೋಮಾಳಗಳನ್ನೂ ಆಕ್ರಮಿಸಿದ ಬಗೆಯನ್ನು ಬಯಲುಸೀಮೆಯ ಹಿರಿಯರು ಕಣ್ಣಾರೆ ಕಂಡಿರುತ್ತಾರೆ. ಕಾಯಿ ಕಟ್ಟಲು ಬಿಟ್ಟ ಸುಬಾಬುಲ್ ಮರವೂ ಅದೇ ದಾರಿಯನ್ನು ಹಿಡಿಯಬಲ್ಲದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು 2000ದಲ್ಲಿ ಪ್ರಕಟಿಸಿದ ಜಗತ್ತಿನ ನೂರು ಹಾವಳಿಕಾರಕ ಜೀವಿಗಳ ಪಟ್ಟಿಯಲ್ಲಿ ಈ ಮರದ ಹೆಸರೂ ಸೇರಿದೆ. ಬೀಜವು ಮಣ್ಣಿನಲ್ಲಿ ಹಲವು ವರ್ಷ ಜೀವಂತವಾಗಿದ್ದು, ಮರವನ್ನು ಕಡಿದ ಮೇಲೆಯೂ ಮೊಳೆಯುತ್ತಿರುವುದು. ಮೇವಿನ ಲಾಭವು ಉಳಿದು ಕಳೆಯ ಭಯವು ಅಳಿಯಬೇಕಾದರೆ ಬೀಜವಿಲ್ಲದ ತಳಿಯೇ ಯುಕ್ತವಾದುದು.

ಅಂಗಾಂಶ ಕೃಷಿ ಎಂದರೇನು?

ಗಿಡದ ಒಂದು ಸಣ್ಣ ತುಂಡನ್ನು, ಯಾವ ಸೂಕ್ಷ್ಮಜೀವಿಯ ಸೋಂಕೂ ಇಲ್ಲದ ಗಾಜಿನ ಪಾತ್ರೆಯಲ್ಲಿ, ಅದಕ್ಕೆ ಬೇಕಾದ ಆಹಾರವನ್ನು ಕೊಟ್ಟು ಪೂರ್ಣ ಗಿಡವಾಗಿ ಬೆಳೆಸುವುದೇ ಅಂಗಾಂಶ ಕೃಷಿ. ಗಿಡದ ಪ್ರತಿಯೊಂದು ಜೀವಕಣದಲ್ಲಿಯೂ ಪೂರ್ಣ ಗಿಡವನ್ನು ಮರಳಿ ಕಟ್ಟುವ ಶಕ್ತಿಯು ಅಡಗಿದೆ ಎಂಬ ವಿಚಾರವೇ ಇದಕ್ಕೆ ಆಧಾರ. 1902ರಲ್ಲಿ ಹಾಬರ್‌ಲಾಂಟ್ ಎಂಬ ಸಸ್ಯಶಾಸ್ತ್ರಜ್ಞನು ಗಿಡದ ಬಿಡಿ ಜೀವಕಣಗಳನ್ನು ಪಾತ್ರೆಯಲ್ಲಿ ಬೆಳೆಸಲು ಯತ್ನಿಸಿದನು. ಕಣಗಳು ಬದುಕಿದವೇ ಹೊರತು ಹೆಚ್ಚಲಿಲ್ಲ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಕಾಂಡದ ತಿರುಳಿನ ಮೇಲೆ ಪ್ರಯೋಗ ಮಾಡಿ, ಬೇರಿಗೂ ಚಿಗುರಿಗೂ ಕಾರಣವಾದ ಗುಟ್ಟನ್ನು ಹೊರಗೆಡಹಿದರು. ಗಿಡದಲ್ಲಿ ಆಕ್ಸಿನ್ ಎಂಬ ಮತ್ತು ಸೈಟೋಕೈನಿನ್ ಎಂಬ ಎರಡು ಬಗೆಯ ಪ್ರಚೋದಕ ದ್ರವ್ಯಗಳಿವೆ. ಸೈಟೋಕೈನಿನ್ ಹೆಚ್ಚಾದರೆ ಚಿಗುರುಗಳೂ, ಆಕ್ಸಿನ್ ಹೆಚ್ಚಾದರೆ ಬೇರುಗಳೂ ಹುಟ್ಟುವುವು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬವರು ಪ್ರಕಟಿಸಿದ ಪೋಷಕ ಲವಣಗಳ ಪಟ್ಟಿಯನ್ನು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಇಂದಿಗೂ ಅನುಸರಿಸುತ್ತಾರೆ.

ಮರಗಳ ವಿಷಯದಲ್ಲಿ ಈ ಕೆಲಸವು ಹುಲ್ಲು ಹೂಗಿಡಗಳಿಗಿಂತ ಕಷ್ಟತರವಾದುದು. 1980ರಲ್ಲಿ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯವರು ತೇಗದ ಮರವನ್ನು ಈ ವಿಧಾನದಿಂದ ವೃದ್ಧಿಪಡಿಸಿದ ವಿವರವನ್ನು ಪ್ರಕಟಿಸಿದರು. ಸುಬಾಬುಲ್ ಮರವನ್ನು ಕುರಿತು 1985ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ವಿಭಾ ಧವನ್ ಮತ್ತು ಭೋಜ್ವಾನಿ ಎಂಬವರೂ, ಅದೇ ವರ್ಷ ಅಮೆರಿಕದಲ್ಲಿ ಕೆ-67 ಎಂಬ ತಳಿಯನ್ನು ಕುರಿತು ಗೋಯಲ್, ಬಿಂಗ್‌ಹ್ಯಾಮ್, ಫೆಲ್ಕರ್ ಎಂಬವರೂ ತಮ್ಮ ಕ್ರಮಗಳನ್ನು ಪ್ರಕಟಿಸಿದರು. ಹೀಗೆ ಈ ಮರವು ಗಾಜಿನ ಪಾತ್ರೆಯಲ್ಲಿ ಬೆಳೆಯಬಲ್ಲದೆಂಬುದು ಅನುಭವಸಿದ್ಧವಾದ ಸಂಗತಿಯಾಗಿದೆ.

ತಾಯಿಮರದ ಆಯ್ಕೆ

ಅಂಗಾಂಶ ಕೃಷಿಯು ತಳಿಯನ್ನು ಉತ್ತಮಪಡಿಸುವ ವಿದ್ಯೆಯಲ್ಲ. ಇರುವುದನ್ನು ಇದ್ದಂತೆಯೇ ಹೆಚ್ಚಿಸುವ ವಿದ್ಯೆ. ಸೊರಗಿದ ಮರದಿಂದ ತೆಗೆದ ಸಾವಿರ ಸಸಿಗಳು ಸೊರಗುವ ಸಾವಿರ ಮರಗಳೇ ಆಗುವುವು. ಆದಕಾರಣ ತಾಯಿಮರದ ಆಯ್ಕೆಯೇ ಸಮಸ್ತ ಕಾರ್ಯಕ್ಕೂ ಬುನಾದಿ. ಕೊಯ್ದ ಮೇಲೆ ಬೇಗ ಚಿಗುರುವುದು, ಎಲೆ ಹೆಚ್ಚಾಗಿ ಕಡ್ಡಿ ಕಡಿಮೆಯಾಗಿರುವುದು, ಸಿಲ್ಲಿಡ್ ಕೀಟವಿರುವ ಕಾಲದಲ್ಲಿಯೂ ಚಿಗುರು ಕಮರದಿರುವುದು, ಕಾಯಿ ಕಡಿಮೆ ಅಥವಾ ಇಲ್ಲದಿರುವುದು ಈ ಗುಣಗಳನ್ನು ಎರಡು ಮೂರು ವರ್ಷಗಳ ಕಾಲ ನೋಡಿ ಮರವನ್ನು ಆರಿಸತಕ್ಕದ್ದು. ಮೊಳಕೆಯೊಡೆದ ಸಸಿಯಿಂದ ತುಂಡನ್ನು ತೆಗೆದರೆ ಪ್ರಯೋಗಶಾಲೆಯ ಕೆಲಸವು ಸುಲಭವಾಗುವುದು. ಆದರೆ ಆ ಸಸಿಯು ಮುಂದೆ ಎಂತಹ ಮರವಾಗುವುದೆಂಬುದು ಆಗ ಗೊತ್ತಿರುವುದಿಲ್ಲ. ಬೆಳೆದ ಮರದ ಗುಣವು ಕಣ್ಣಿಗೆ ಕಂಡಿರುತ್ತದೆಯಾದರೂ ಅದರ ತುಂಡು ಪಾತ್ರೆಯಲ್ಲಿ ಹಟಮಾರಿಯಾಗಿರುತ್ತದೆ. ಈ ತೊಡಕಿಗೆ ಪರಿಹಾರವುಂಟು. ಆರಿಸಿದ ಮರವನ್ನು ಬುಡದಿಂದ ಮೇಲೆ ಕಡಿದರೆ ಮೋಟಿನಿಂದ ಹೊಸ ಕವಲುಗಳು ಹೊರಡುವುವು. ಈ ಎಳೆಯ ಕವಲುಗಳಲ್ಲಿ ಎಳೆತನದ ಗುಣವು ಮರಳಿರುವುದರಿಂದ ಅವುಗಳಿಂದ ತೆಗೆದ ಗೆಣ್ಣುಗಳು ಹೆಚ್ಚು ಸುಲಭವಾಗಿ ಚಿಗುರುವುವು.

ಪ್ರಯೋಗಶಾಲೆಯಲ್ಲಿ ನಡೆಯುವ ಕೆಲಸ

ಆರಿಸಿದ ಕವಲನ್ನು ಒಂದೊಂದು ಗೆಣ್ಣೂ ಒಂದೊಂದು ಕಣ್ಣೂ ಇರುವಂತೆ ಸಣ್ಣ ತುಂಡುಗಳಾಗಿ ಕತ್ತರಿಸುವರು. ತುಂಡುಗಳನ್ನು ಹರಿಯುವ ನೀರಿನಲ್ಲಿ ತೊಳೆದು, ಸಾಬೂನು ನೀರಿನಲ್ಲಿ ಜಾಲಾಡಿ, ಶೇಕಡ 70ರ ಮದ್ಯಸಾರದಲ್ಲಿ ಕ್ಷಣಕಾಲ ಅದ್ದುವರು. ಅನಂತರ ಸೋಡಿಯಂ ಹೈಪೋಕ್ಲೋರೈಟ್ ಅಥವಾ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ಕೆಲವು ನಿಮಿಷ ಇಟ್ಟು, ಸೋಂಕಿಲ್ಲದ ನೀರಿನಲ್ಲಿ ಹಲವು ಸಲ ತೊಳೆಯುವರು. ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷವಾದುದರಿಂದ ಶಿಕ್ಷಣ ಪಡೆದವರ ಹೊರತು ಇತರರು ಅದನ್ನು ಮುಟ್ಟಬಾರದು.

ತುಂಡಿಗೆ ಆಹಾರವಾಗುವ ಪಾಕದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ, ಕಬ್ಬಿಣ ಮೊದಲಾದವುಗಳ ಲವಣಗಳೂ, ಕೆಲವು ಜೀವಸತ್ತ್ವಗಳೂ, ಲೀಟರಿಗೆ 30 ಗ್ರಾಂನಷ್ಟು ಸಕ್ಕರೆಯೂ ಇರುತ್ತವೆ. ಪಾತ್ರೆಯೊಳಗಿನ ಎಳೆಯ ಚಿಗುರು ತನಗೆ ಸಾಲುವಷ್ಟು ಆಹಾರವನ್ನು ಬೆಳಕಿನಿಂದ ತಯಾರಿಸಿಕೊಳ್ಳಲಾರದಾದ್ದರಿಂದ ಸಕ್ಕರೆಯನ್ನು ಸೇರಿಸಬೇಕಾಗುವುದು. ಪಾಕವು ಗಟ್ಟಿಯಾಗಿ ನಿಲ್ಲಲು ಸಮುದ್ರದ ಪಾಚಿಯಿಂದ ದೊರೆಯುವ ಅಗಾರ್ ಎಂಬ ಅಂಟನ್ನು ಲೀಟರಿಗೆ ಸುಮಾರು 8 ಗ್ರಾಂ ಬೆರೆಸುವರು. ಪಾಕದ ಪಾತ್ರೆಗಳನ್ನು 121 ಡಿಗ್ರಿ ಸೆಂಟಿಗ್ರೇಡ್ ಶಾಖದ ಒತ್ತಡದ ಆವಿಯಲ್ಲಿ 15ರಿಂದ 20 ನಿಮಿಷ ಬೇಯಿಸುವುದರಿಂದ ಅದರಲ್ಲಿನ ಸಕಲ ಸೂಕ್ಷ್ಮಜೀವಿಗಳೂ ನಾಶವಾಗುವುವು. ಸಕ್ಕರೆಯಿರುವ ಪಾಕದಲ್ಲಿ ಬೂಷ್ಟಿನ ಒಂದು ಕಣವು ಬಿದ್ದರೂ ಕೆಲವೇ ದಿವಸಗಳಲ್ಲಿ ಅದು ಚಿಗುರನ್ನು ಮುಚ್ಚಿಬಿಡುವುದು. ಈ ಕಾರಣದಿಂದಲೇ ತುಂಡುಗಳನ್ನು ಪಾತ್ರೆಗೆ ಸೇರಿಸುವ ಕೆಲಸವನ್ನು, ಶೋಧಿಸಿದ ಗಾಳಿಯು ಬೀಸುವ ಪೆಟ್ಟಿಗೆಯಂತಹ ಮೇಜಿನ ಮುಂದೆ, ಬೆಂಕಿಯಲ್ಲಿ ಕಾಯಿಸಿದ ಚಿಮಟದಿಂದ ಮಾಡುವರು.

ಪಾಕದಲ್ಲಿ ಬೆಂಜೈಲ್ ಅಡೆನೀನ್ ಎಂಬ ಸೈಟೋಕೈನಿನ್ ಸ್ವಲ್ಪವೇ ಇದ್ದರೂ ಗೆಣ್ಣಿನ ಕಣ್ಣು ಎಚ್ಚತ್ತು ಹಲವು ಚಿಗುರುಗಳನ್ನು ಹೊರಡಿಸುವುದು. ಪಾತ್ರೆಗಳನ್ನಿಡುವ ಕೋಣೆಯಲ್ಲಿ ಸುಮಾರು 25 ಡಿಗ್ರಿ ಶಾಖವೂ ದಿನಕ್ಕೆ 16 ಗಂಟೆ ದೀಪದ ಬೆಳಕೂ ಇರುತ್ತವೆ. ಚಿಗುರುಗಳು ಬೆಳೆದ ಮೇಲೆ ಅವುಗಳನ್ನು ಮತ್ತೆ ಗೆಣ್ಣುಗೆಣ್ಣಾಗಿ ಕತ್ತರಿಸಿ ಹೊಸ ಪಾಕಕ್ಕೆ ಸೇರಿಸುವರು. ಒಂದು ಕಣ್ಣಿನಿಂದ ತಿಂಗಳಿಗೆ ಮೂರು ಚಿಗುರುಗಳಾದರೆ ಎರಡನೆಯ ತಿಂಗಳಿಗೆ 9, ಮೂರನೆಯ ತಿಂಗಳಿಗೆ 27, ಹೀಗೆಯೇ ಆರನೆಯ ತಿಂಗಳಿಗೆ 729 ಚಿಗುರುಗಳಾಗುವುವೆಂದು ಲೆಕ್ಕವು ತೋರಿಸುತ್ತದೆ. ಅವುಗಳಲ್ಲಿ ನಾಲ್ಕರಲ್ಲೊಂದು ನಷ್ಟವಾದರೂ ಐನೂರಕ್ಕೆ ಮೇಲ್ಪಟ್ಟು ಉಳಿಯುವುವು. ಈ ವೇಗವೇ ಅಂಗಾಂಶ ಕೃಷಿಯ ಹೆಚ್ಚುಗಾರಿಕೆ.

ಸುಬಾಬುಲ್ ಮರದಲ್ಲಿ ಎರಡು ತೊಡಕುಗಳು ವಿಶೇಷವಾಗಿ ಕಂಡುಬರುತ್ತವೆ. ಕತ್ತರಿಸಿದ ಗಾಯದಿಂದ ಒಸರುವ ಒಗರಿನ ದ್ರವ್ಯವು ಪಾಕವನ್ನು ಕಂದಾಗಿಸಿ ತುಂಡನ್ನು ಕೊಲ್ಲುವುದುಂಟು. ತುಂಡನ್ನು ಆಗಾಗ್ಗೆ ಹೊಸ ಪಾಕಕ್ಕೆ ವರ್ಗಾಯಿಸಿ ಇದನ್ನು ತಡೆಯುವರು. ಕಾಂಡದ ಒಳಗೇ ಅಡಗಿರುವ ಜೀವಾಣುಗಳು ಮೇಲಿನ ತೊಳೆತಕ್ಕೆ ಸಿಕ್ಕದೆ ಕೆಲವು ವಾರಗಳ ನಂತರ ಹೊರಬೀಳುವುದೂ ಉಂಟು. ಅಂತಹ ಪಾತ್ರೆಗಳನ್ನು ಒಡನೆಯೇ ತೆಗೆದುಹಾಕುವುದೇ ಮಾರ್ಗ. ಗಾಯದ ಮೇಲೆ ಹುಟ್ಟುವ ಆಕಾರವಿಲ್ಲದ ಗಂಟಿನಿಂದ ಗಿಡಗಳನ್ನು ಮಾಡುವ ಮತ್ತೊಂದು ಪದ್ಧತಿಯಿದೆಯಾದರೂ, ಅದರಲ್ಲಿ ತಾಯಿಗಿಂತ ಭಿನ್ನವಾದ ಗಿಡಗಳು ಹುಟ್ಟುವ ಸಂಭವವಿದೆ. ತಾಯಿಯ ಗುಣವನ್ನೇ ಅಪೇಕ್ಷಿಸುವಲ್ಲಿ ಕಣ್ಣಿನಿಂದ ಚಿಗುರಿಸುವ ಪದ್ಧತಿಯೇ ಶ್ರೇಷ್ಠ.

ಚಿಗುರುಗಳು ಸಾಕಷ್ಟು ಉದ್ದವಾದ ಮೇಲೆ ಅವುಗಳನ್ನು ಇಂಡೋಲ್ ಬ್ಯೂಟಿರಿಕ್ ಆಮ್ಲ ಎಂಬ ಆಕ್ಸಿನ್ ಬೆರೆಸಿದ ಪಾಕಕ್ಕೆ ಬದಲಾಯಿಸುವರು. ಅಲ್ಲಿ ಅವು ಬೇರುಬಿಟ್ಟು ಪೂರ್ಣ ಸಸಿಗಳಾಗುವುವು.

ಸಸಿಯನ್ನು ಹದಗೊಳಿಸುವುದು

ಪಾತ್ರೆಯಿಂದ ಹೊರಬಂದ ಸಸಿಯು ಹೊರಗಿನ ಗಾಳಿ ಬಿಸಿಲುಗಳನ್ನು ಎಂದೂ ಕಂಡುದಲ್ಲ. ತೇವವು ತುಂಬಿದ ಪಾತ್ರೆಯಲ್ಲಿ ಬೆಳೆದುದರಿಂದ ಅದರ ಎಲೆಯ ಮೇಲಿನ ಮೇಣದ ಪೊರೆಯು ತೆಳುವಾಗಿರುತ್ತದೆ. ಎಲೆಯ ರಂಧ್ರಗಳು ಸಮಯಕ್ಕೆ ಸರಿಯಾಗಿ ಮುಚ್ಚಿಕೊಳ್ಳಲಾರವು. ಹಾಗೆಯೇ ನೇರವಾಗಿ ಹೊಲದಲ್ಲಿ ನೆಟ್ಟರೆ ಕೆಲವು ಗಂಟೆಗಳಲ್ಲಿಯೇ ಬಾಡಿಹೋಗುವುದು. ಪ್ರಯೋಗಶಾಲೆಯ ಕೆಲಸವೆಲ್ಲ ಸರಿಯಾಗಿ ನಡೆದೂ ಈ ಘಟ್ಟದಲ್ಲಿ ಸಸಿಗಳು ಸಾಮೂಹಿಕವಾಗಿ ಹಾಳಾಗುವ ಸಂಭವವು ಹೆಚ್ಚು. ಆದುದರಿಂದ ಬೇರಿಗಂಟಿದ ಪಾಕವನ್ನು ಚೆನ್ನಾಗಿ ತೊಳೆದು, ಮರಳು, ಮಣ್ಣು, ಎರೆಗೊಬ್ಬರ ಇವುಗಳ ಹದವಾದ ಮಿಶ್ರಣದಲ್ಲಿ ನೆಟ್ಟು, ಮೊದಲ ಎರಡು ಮೂರು ವಾರ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಇಡತಕ್ಕದ್ದು. ಹೊದಿಕೆಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ತೆರೆದು ತೇವವನ್ನು ತಗ್ಗಿಸುತ್ತ, ನೆರಳಿನಿಂದ ಬಿಸಿಲಿಗೆ ಕ್ರಮೇಣ ರೂಢಿಮಾಡಬೇಕು. ಹೊಸದಾಗಿ ಹುಟ್ಟಿದ ಎಲೆಗಳು ಹೊರಗಿನ ಗಾಳಿಯನ್ನು ತಾಳುವಷ್ಟು ಬಲವಾದ ಮೇಲೆಯೇ ಸಸಿಯು ಹೊಲಕ್ಕೆ ಹೋಗಲು ಯೋಗ್ಯವಾಗುವುದು.

ಬೇರುಗಂಟಿನ ಜೀವಾಣು

ದ್ವಿದಳ ಮರಗಳ ವಿಷಯದಲ್ಲಿ ಮರೆಯಬಾರದ ಮತ್ತೊಂದು ಸಂಗತಿಯಿದೆ. ಸೋಂಕಿಲ್ಲದ ಪಾತ್ರೆಯಲ್ಲಿ ಬೆಳೆದ ಸಸಿಯಲ್ಲಿ ಕೆಟ್ಟ ಜೀವಾಣುಗಳಿಲ್ಲವಾದಂತೆಯೇ ಒಳ್ಳೆಯ ಜೀವಾಣುಗಳೂ ಇರುವುದಿಲ್ಲ. ಸಾರಜನಕವನ್ನು ಹಿಡಿಯುವ ರೈಜೋಬಿಯಂ ಜೀವಾಣುವು ಬೇರನ್ನು ಸೇರದಿದ್ದರೆ ಎಲೆಯು ಹಳದಿಯಾಗಿ ಸಸಿಯು ಕುಂಠಿತವಾಗುವುದು. ಸುಬಾಬುಲ್ ಮರಕ್ಕೆ ಹೊಂದುವ ರೈಜೋಬಿಯಂ ಬೇರೆಯೇ ಬಗೆಯದು. ಕಡಲೆ, ತೊಗರಿಗಳಿಗಾಗಿ ಮಾರುವ ಪೊಟ್ಟಣವನ್ನು ಇದಕ್ಕೆ ಹಾಕಿದರೆ ಪ್ರಯೋಜನವನ್ನು ನಿರೀಕ್ಷಿಸುವಂತಿಲ್ಲ. ಆ ಜಾತಿಗೆ ತಕ್ಕ ಜೀವಾಣುಗೊಬ್ಬರವು ದೊರೆಯದಿದ್ದಲ್ಲಿ, ಆರೋಗ್ಯವಾಗಿ ಬೆಳೆದ ಹಳೆಯ ಸುಬಾಬುಲ್ ಮರದ ಬುಡದಿಂದ ಬೇರುಗಂಟುಗಳಿರುವ ಮಣ್ಣನ್ನು ತಂದು, ಹದಗೊಂಡ ಸಸಿಯ ಪಾತಿಗೆ ಬೆರೆಸುವುದು ಸುಲಭೋಪಾಯ. ಒಂದೆರಡು ತಿಂಗಳ ಮೇಲೆ ಒಂದು ಸಸಿಯನ್ನು ಕಿತ್ತು ನೋಡಿ, ಗಂಟನ್ನು ಒಡೆದಾಗ ಒಳಭಾಗವು ನಸುಗೆಂಪಾಗಿದ್ದರೆ ಜೀವಾಣುವು ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು.

ನೆಡುವುದು ಮತ್ತು ಮೇಯಿಸುವುದು

ಬೀಜದ ಗಿಡಕ್ಕೆ ಒಂದು ತಾಯಿಬೇರು ನೇರವಾಗಿ ಇಳಿಯುವುದು. ಅಂಗಾಂಶ ಕೃಷಿಯ ಸಸಿಗೆ ಕಾಂಡದ ಬುಡದಿಂದ ಹಲವು ಬೇರುಗಳು ಹೊರಡುವುವು. ಆದಕಾರಣ ಮೊದಲ ವರ್ಷದ ಬೇಸಗೆಯಲ್ಲಿ ಇಂತಹ ಸಸಿಗೆ ನೀರಿನ ಆಸರೆಯು ಹೆಚ್ಚಾಗಿ ಬೇಕು. ಮುಂಗಾರು ಚೆನ್ನಾಗಿ ಹಿಡಿದ ಕೂಡಲೇ ನೆಟ್ಟರೆ ಬೇಸಗೆಯ ಮುನ್ನ ಬೇರು ಇಳಿಯಲು ಕಾಲಾವಕಾಶವಿರುವುದು. ಎಳೆಯ ಸಸಿಯನ್ನು ಆಡು ಕುರಿಗಳು ಬುಡಕ್ಕೆ ತಿಂದುಬಿಡುವುದರಿಂದ ಮೊದಲ ವರ್ಷ ಬೇಲಿಯು ಅನಿವಾರ್ಯ.

ಚೌಕವಾದ ಒಂದು ಎಕರೆ ಭೂಮಿಯ ಬದುವಿನ ಸುತ್ತಳತೆಯು ಸುಮಾರು 836 ಅಡಿ. ಮೂರು ಅಡಿಗೆ ಒಂದರಂತೆ ನೆಟ್ಟರೆ ಸುಮಾರು 280 ಸಸಿಗಳು ಬೇಕಾಗುವುವು. ಸಸಿಯೊಂದರ ಬೆಲೆಯನ್ನು ಈ ಸಂಖ್ಯೆಯಿಂದ ಗುಣಿಸಿ ನೋಡಿದರೆ, ಬದುವಿಗೆ ಎಷ್ಟು ಖರ್ಚು ಬೀಳುವುದೆಂಬುದು ಮೊದಲೇ ಗೊತ್ತಾಗುವುದು. ಗಿಡವು ಬೇರೂರಿ ಎದೆಯೆತ್ತರಕ್ಕೆ ಮೀರಿದ ಮೇಲೆ, ನೆಲದಿಂದ ಎರಡೂವರೆ ಮೂರು ಅಡಿ ಎತ್ತರದಲ್ಲಿ ಕೊಯ್ಯುತ್ತ ಬರಬಹುದು.

ಸುಬಾಬುಲ್ ಎಲೆಯಲ್ಲಿ ಮೈಮೋಸಿನ್ ಎಂಬ ವಿಷಾಂಶವಿದೆ. ಅಂಗಾಂಶ ಕೃಷಿಯಿಂದ ಅದು ಹೋಗುವುದಿಲ್ಲ. ತಾಯಿಮರದಲ್ಲಿದ್ದ ಅಂಶವು ಮಕ್ಕಳಲ್ಲಿಯೂ ಇರುತ್ತದೆ. ಕುದುರೆ, ಕತ್ತೆ, ಹಂದಿ, ಮೊಲ ಮುಂತಾದ ಮೆಲುಕು ಹಾಕದ ಪ್ರಾಣಿಗಳಿಗೆ ಈ ಎಲೆಯಿಂದ ಕೂದಲುದುರುವುದೇ ಮೊದಲಾದ ಬಾಧೆಗಳುಂಟಾಗುವುವು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಈ ವಿಷವನ್ನು ಮುರಿಯುವ ಒಂದು ಜೀವಾಣುವಿದ್ದರೆ ಅಪಾಯವು ಬಹುಮಟ್ಟಿಗೆ ತಪ್ಪುವುದು. ಆಸ್ಟ್ರೇಲಿಯದ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿಯು ಹವಾಯಿಯ ಆಡುಗಳಲ್ಲಿ ಇದರ ಪ್ರಭಾವವನ್ನು ಗುರುತಿಸಿದುದರಿಂದ, 1992ರಲ್ಲಿ ಆ ಜೀವಾಣುವಿಗೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟೀಸ್ ಜೋನ್ಸಿ ಎಂದು ನಾಮಕರಣ ಮಾಡಲಾಯಿತು. ಏನಿದ್ದರೂ ಹಸು ಎಮ್ಮೆಗಳಿಗೆ ಒಟ್ಟು ಮೇವಿನ ಮೂರರಲ್ಲೊಂದು ಪಾಲನ್ನು ಮೀರದಂತೆ, ಮೊದಲು ಸ್ವಲ್ಪವೇ ಕೊಟ್ಟು ಎರಡು ಮೂರು ವಾರಗಳಲ್ಲಿ ಕ್ರಮೇಣ ಹೆಚ್ಚಿಸುತ್ತ, ಒಣಹುಲ್ಲಿನೊಡನೆ ಬೆರೆಸಿ ಹಾಕುವುದೇ ಕ್ಷೇಮಕರ.

ಸಸಿಗಳನ್ನು ಕೊಳ್ಳುವವರು ವಿಚಾರಿಸಬೇಕಾದ ಅಂಶಗಳು

1. ಸಸಿಗಳು ಯಾವ ತಾಯಿಮರದಿಂದ ಬಂದವು, ಆ ಮರದ ಮೇವಿನ ಇಳುವರಿಯನ್ನೂ ಕೀಟನಿರೋಧವನ್ನೂ ಎಲ್ಲಿ, ಎಷ್ಟು ವರ್ಷ ನೋಡಲಾಗಿದೆ ಎಂಬುದನ್ನು ಕೇಳತಕ್ಕದ್ದು. "ಅಂಗಾಂಶ ಕೃಷಿಯ ಸಸಿ" ಎಂಬ ಮಾತಿನಿಂದಲೇ ಸಸಿಯು ಉತ್ತಮವೆಂದು ನಂಬಬಾರದು.

2. ಸಾಧಾರಣ ತಳಿಯ ಸಸಿಯಾದರೆ ಬೀಜವನ್ನೇ ಕೊಳ್ಳುವುದು ಲಾಭಕರ.

3. ಸಸಿಗಳನ್ನು ಹದಗೊಳಿಸಿದ್ದಾರೆಯೇ, ಬಿಸಿಲಿನಲ್ಲಿ ಕೆಲವು ವಾರ ನಿಂತಿವೆಯೇ ಎಂಬುದನ್ನು ಕಣ್ಣಾರೆ ನೋಡತಕ್ಕದ್ದು. ಪಾತ್ರೆಯಿಂದ ಆಗತಾನೆ ತೆಗೆದ ಸಸಿಗಳನ್ನು ಕೊಳ್ಳಬಾರದು.

4. ಬೇರುಗಂಟಿನ ಜೀವಾಣುವನ್ನು ಸೇರಿಸಿದ್ದಾರೆಯೇ ಎಂಬುದನ್ನು ವಿಚಾರಿಸತಕ್ಕದ್ದು.

5. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಅಂಗಾಂಶ ಕೃಷಿಯ ಸಸಿಗಳಿಗಾಗಿ 2006ರಲ್ಲಿ ರಾಷ್ಟ್ರೀಯ ಪ್ರಮಾಣೀಕರಣ ಪದ್ಧತಿಯನ್ನು ಏರ್ಪಡಿಸಿತು. ಸಸಿಗಳನ್ನು ಮಾರುವ ಪ್ರಯೋಗಶಾಲೆಗೆ ಆ ಪದ್ಧತಿಯ ಮಾನ್ಯತೆಯಿದೆಯೇ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

6. ಪರದೇಶದ ತಳಿಗಳನ್ನು ಯಾರೂ ಸ್ವಂತವಾಗಿ ತರಿಸಬಾರದು. ಗಿಡಗಳ ಆಮದಿಗೆ 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಮೇರೆಗೆ ಅಪ್ಪಣೆಯು ಅವಶ್ಯಕ.

ಒಂದೇ ಮರದ ಸಸಿಗಳಿಂದ ಊರನ್ನೆಲ್ಲ ತುಂಬಬಾರದು

ಒಂದೇ ತಾಯಿಮರದಿಂದ ಹುಟ್ಟಿದ ಸಸಿಗಳೆಲ್ಲವೂ ಗುಣದಲ್ಲಿ ಒಂದೇ ಮರವಿದ್ದಂತೆ. ಅದರ ಒಳ್ಳೆಯ ಗುಣವು ಎಲ್ಲದರಲ್ಲಿಯೂ ಇರುವಂತೆ, ಅದರ ದೌರ್ಬಲ್ಯವೂ ಎಲ್ಲದರಲ್ಲಿಯೂ ಇರುತ್ತದೆ. ಹೊಸ ರೋಗವೋ ಹೊಸ ಕೀಟವೋ ಬಂದು ಒಂದು ಮರವನ್ನು ಕೆಡಿಸಿದರೆ ಮಿಕ್ಕವೂ ಅದೇ ಹಾದಿಯನ್ನು ಹಿಡಿಯುವುವು. ಸಿಲ್ಲಿಡ್ ಕೀಟವು ಕೆಲವೇ ವರ್ಷಗಳಲ್ಲಿ ಅರ್ಧ ಭೂಮಂಡಲವನ್ನು ದಾಟಿಬಂದ ಸಂಗತಿಯು ಈ ವಿಷಯದಲ್ಲಿ ಪಾಠವಾಗಿರಬೇಕು. ಆದಕಾರಣ ಒಂದೇ ಬದುವಿನಲ್ಲಿ ನಾಲ್ಕೈದು ಬೇರೆಬೇರೆ ತಾಯಿಮರಗಳ ಸಸಿಗಳನ್ನು ಬೆರೆಸಿ ನೆಡುವುದೂ, ಜೊತೆಗೆ ಅಗಸೆ, ಗ್ಲಿರಿಸೀಡಿಯ ಮುಂತಾದ ಇತರ ಸೊಪ್ಪಿನ ಮರಗಳನ್ನು ಉಳಿಸಿಕೊಳ್ಳುವುದೂ ವಿವೇಕದ ಕೆಲಸ.

ಗ್ರಾಮದ ಮುಖ್ಯಸ್ಥರ ಕರ್ತವ್ಯ

ಸ್ವಂತ ಬದುವಿನಲ್ಲಿ ಯಾವ ಮರವನ್ನು ನೆಡಬೇಕೆಂಬುದು ಜಮೀನುದಾರನ ಇಷ್ಟ. ಗೋಮಾಳದಲ್ಲಿ ಯಾವುದನ್ನು ನೆಡಬೇಕೆಂಬುದು ಊರಿಗೆಲ್ಲ ಸೇರಿದ ವಿಷಯ. ಕಾಯಿ ಕಟ್ಟುವ ಸುಬಾಬುಲ್ ಮರಗಳನ್ನು ಗೋಮಾಳದಲ್ಲಿ ನೆಟ್ಟು ಕೊಯ್ಯದೆ ಬಿಟ್ಟರೆ, ಇಂದಿನ ಮೇವು ನಾಳಿನ ಮುಳುವಾಗುವುದು. ಅಂತಹ ಮರಗಳು ಈಗಾಗಲೇ ಇರುವಲ್ಲಿ ಕಾಯಿ ಬಲಿಯುವ ಮುನ್ನ ಸರದಿಯ ಮೇಲೆ ಕೊಯ್ದು ಹಂಚಿಕೊಳ್ಳುವ ಏರ್ಪಾಡನ್ನು ಊರಿನವರೇ ಮಾಡಿಕೊಳ್ಳಬೇಕು. ಹೊಸದಾಗಿ ನೆಡುವಲ್ಲಿ, ಬೀಜವಿಲ್ಲದ ತಳಿಯ ಸಸಿಗಳು ಮಾನ್ಯ ಮೂಲದಿಂದ ದೊರೆಯುವುದಾದರೆ ಅವುಗಳನ್ನೇ ಆರಿಸುವುದು ಲೇಸು. ಗೋಮಾಳದ ವಿಷಯದಲ್ಲಿ ಅಂಗಾಂಶ ಕೃಷಿಗೆ ತಗಲುವ ಅಧಿಕ ವೆಚ್ಚವು ವ್ಯರ್ಥವೆನಿಸದು. ಮುಂದೆ ಕಳೆಯನ್ನು ಕೀಳುವುದಕ್ಕೆ ತಗಲುವ ಖರ್ಚಿನೊಡನೆ ಅದನ್ನು ಹೋಲಿಸಿ ನೋಡಬೇಕು.

ಈ ವಿಷಯದಲ್ಲಿ ಸಲಹೆಯನ್ನು ಅಪೇಕ್ಷಿಸುವವರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನಾಗಲಿ ವಿಚಾರಿಸಬಹುದು. ಮೊದಲ ವರ್ಷ ಒಂದು ಬದುವಿನಷ್ಟು ಸಸಿಗಳನ್ನು ಮಾತ್ರ ನೆಟ್ಟು, ಪಕ್ಕದಲ್ಲಿಯೇ ಬೀಜದ ಗಿಡಗಳ ಒಂದು ಸಾಲನ್ನೂ ಬೆಳೆಸಿ, ಎರಡು ಬೇಸಗೆಗಳಲ್ಲಿ ಯಾವುದು ಎಷ್ಟು ಹೊರೆ ಸೊಪ್ಪನ್ನು ಕೊಟ್ಟಿತೆಂಬುದನ್ನು ತೂಗಿ ಬರೆದಿಟ್ಟುಕೊಂಡರೆ, ಮುಂದಿನ ವೆಚ್ಚವು ತಕ್ಕುದೋ ಅಲ್ಲವೋ ಎಂಬುದನ್ನು ಆ ಲೆಕ್ಕವೇ ತಿಳಿಸುವುದು.